ಕತ್ತಿ ಯಾವುದೆಂದು ಮೈಗೆ ಗೊತ್ತಿಲ್ಲ

ಆಪರೇಷನ್ನಿಗೆ ಹೋಗುವ ದಿನ ನಮ್ಮಪ್ಪನ ತೂಕ 47 ಕೇಜಿ. ಹದಿಮೂರು ದಿನ ಕಳೆದು ಮನೆಗೆ ಬಂದಾಗ 42. ಹೊಟ್ಟೆಯಿಂದ ತೆಗೆದ ಗಡ್ಡೆಯನ್ನೂ ಅದರ ಜೊತೆ ಕೊಯ್ದ ಗೇಣುದ್ದದ ಕರುಳನ್ನೂ ಡಬ್ಬಿಯಲ್ಲಿ ಹಿಡಿದುಕೊಂಡು ಹೋಗಿ ಪರೀಕ್ಷೆಯ ರೂಮಿಗೆ ಕೊಟ್ಟು ಬಂದವರು ನಾವೇ. ಎಲ್ಲ ಸೇರಿ ಅರ್ಧ ಕೇಜಿಯೂ ಇರಲಿಲ್ಲ. ಹಾಗಾದರೆ ಮಿಕ್ಕ ನಾಲ್ಕೂವರೆ ಕೇಜಿ ಅಪ್ಪ ಎಲ್ಲಿ ಹೋದ?

ಈ ಪ್ರಶ್ನೆ ನಮ್ಮದಲ್ಲ, ಅವ್ವನದು. "ತೂಗಿ ಕೊಟ್ಟಿದ್ವಲ್ಲ ಮಗಾ, ಮಿಕ್ಕಿದ್ದ ಯಾರು ತಿಂದ್ರು?" ಅಂದಳು. ಕಬ್ಬಿನ ತೂಕ, ನ್ಯಾಯಬೆಲೆ ಅಂಗಡಿಯ ಅಕ್ಕಿಯ ತೂಕ ನೋಡುತ್ತ ಬಂದವಳು ಅವಳು. ತೂಕ ಕಮ್ಮಿ ಬಂತು ಅಂದರೆ ನಡುವೆ ಯಾರೋ ತಿಂದಿದ್ದಾರೆ ಅಂತಲೇ ಅವಳ ಲೆಕ್ಕ. ಅವಳ ಲೆಕ್ಕ ತಪ್ಪಲಿಲ್ಲ. ತಿಂದದ್ದು ಯಾರು ಅನ್ನುವುದನ್ನು ತಿಳಿಯಲು ನಮಗೆ ಮೂರು ತಿಂಗಳು ಹಿಡಿಯಿತು. ವಿಜ್ಞಾನವನ್ನು ಹತ್ತನೇ ಕ್ಲಾಸಿಗೇ ಕೈಬಿಟ್ಟು ಬಿ.ಎ. ಮಾಡಿದವರು ನಾವು. ಮನೆಯಲ್ಲಿ ಡಿಗ್ರಿ ಅಂತ ಕಂಡದ್ದೇ ನಮ್ಮ ತಲೆಗೆ. ಆ ಓದು ಆಸ್ಪತ್ರೆಯ ಒಂದು ಚೀಟಿ ಓದಲೂ ಸಾಲಲಿಲ್ಲ. ವಾರ್ಡಿನಲ್ಲಿದ್ದ ಒಬ್ಬ ಕಿರಿಯ ಡಾಕ್ಟರಮ್ಮ, ರಾತ್ರಿ ಡ್ಯೂಟಿಯ ಹೊತ್ತಲ್ಲಿ, ಕೇಸ್ ಶೀಟಿನ ಹಿಂಬದಿಯಲ್ಲಿ ಚಿತ್ರ ಬರೆದು ತೋರಿಸಿದಳು. ಮಿಕ್ಕಿದ್ದನ್ನು ನಾವೇ ಹುಡುಕಿ ಓದಿಕೊಂಡೆವು. ಓದಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇವೆ. ನಿಮ್ಮ ಮನೆಯಲ್ಲೂ ಅಪ್ಪಂದಿರು ಇದ್ದಾರೆ.

ನಮ್ಮಪ್ಪ ಕಬ್ಬು ಕಡಿಯುವವನು, ಹೊರೆ ಹೊತ್ತು ಲಾರಿಗೆ ತುಂಬುವವನು. ಮಂಡ್ಯ ಸೀಮೆಯ ನೀರಾವರಿ ಬಯಲಲ್ಲಿ ಹುಟ್ಟಿ ಒಂದು ಗುಂಟೆ ಗದ್ದೆಯೂ ಇಲ್ಲದೆ ಅರವತ್ತರ ಹತ್ತಿರಕ್ಕೆ ಬಂದವನು. ಅವನ ಆಸ್ತಿ ಅಂದರೆ ಎರಡು ತೋಳು, ಒಂದು ಬೆನ್ನು. ಮಲದಲ್ಲಿ ರಕ್ತ ಬೀಳುತ್ತಿದ್ದುದನ್ನು ಅವನು ಒಂದು ವರ್ಷ ಯಾರಿಗೂ ಹೇಳಲಿಲ್ಲ. ಗೊತ್ತಾದ ಮೇಲೂ ಮೂಲವ್ಯಾಧಿ ಅಂದುಕೊಂಡು ನಾಟಿ ಔಷಧಿ ಕುಡಿದ. "ಅಂಥ ಮಾತ ಹೆಂಗ್ಲಾ ಬಾಯಲ್ಲಿ ಆಡೋದು" ಅಂದ. ಊರ ಮಲವನ್ನು ಮನುಷ್ಯರ ತಲೆಯ ಮೇಲೆ ಹೊರಿಸಿದವರು ನಾಚಲಿಲ್ಲ. ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ, 1970ರ ದಶಕದಲ್ಲಿ, ಈ ರಾಜ್ಯದಲ್ಲಿ ಅದನ್ನು ನಿಷೇಧಿಸಬೇಕಾಯಿತು. ಹೊತ್ತವರ ಪೈಕಿಯವನು ಮಾತ್ರ ತನ್ನ ಮಲದ ಮಾತಾಡಲು ನಾಚಿ ಒಂದು ವರ್ಷ ಕಳೆದ. ಕೊನೆಗೆ ಹೊಟ್ಟೆ ಉಬ್ಬರಿಸಿ ಅನ್ನ ನಿಲ್ಲದಾದಾಗ ಕರೆದುಕೊಂಡು ಹೋದೆವು. ಹಿಂಬದಿಯಿಂದ ಕ್ಯಾಮೆರಾ ಬಿಟ್ಟು ನೋಡಿದರು. ದೊಡ್ಡ ಕರುಳಿನ ಎಡಭಾಗದಲ್ಲಿ ಗಡ್ಡೆ. ಕ್ಯಾನ್ಸರ್. ಕೊಯ್ದು ತೆಗೆಯಬೇಕು ಅಂದರು.

ಬಿಪಿಎಲ್ ಕಾರ್ಡಿನ ಮೇಲೆ ಆಪರೇಷನ್ ಪುಕ್ಕಟೆ ಆಯಿತು. ಆಸ್ಪತ್ರೆ ಸರ್ಕಾರದ್ದು. ಅಲ್ಲಿನ ಸರ್ಜನ್ನರ ಕೈ ಒಳ್ಳೆಯದು, ಅಪ್ಪ ಇವತ್ತು ಬದುಕಿರುವುದು ಆ ಕೈಯಿಂದ. ಇದನ್ನು ಮೊದಲೇ ಹೇಳಿಬಿಡುತ್ತೇವೆ.

ಹಿಂದಿನ ರಾತ್ರಿ ಊಟ ನಿಲ್ಲಿಸಿದರು. ಹನ್ನೆರಡರ ಮೇಲೆ ನೀರೂ ಇಲ್ಲ ಅಂದರು. ಬೆಳಿಗ್ಗೆ ಒಂಬತ್ತಕ್ಕೆ ಅಂದಿದ್ದ ಆಪರೇಷನ್, ಮುಂದೆ ಯಾವುದೋ ಕೇಸು ತಡವಾಗಿ, ಮಧ್ಯಾಹ್ನ ಮೂರಕ್ಕೆ ಹೋಯಿತು. ಹದಿನೈದು ಗಂಟೆ ಅಪ್ಪನ ನಾಲಿಗೆ ಮೇಲೆ ಒಂದು ತೊಟ್ಟು ನೀರು ಬೀಳಲಿಲ್ಲ. "ಒಂದು ಗುಟುಕು ಕೊಡವ್ವ" ಅಂತ ನರ್ಸಮ್ಮನ್ನ ಕೇಳಿದ. "ರೂಢಿ ಇರೋದೇ ಹಂಗೆ ಕಣಪ್ಪ" ಅಂದರು. ಆಕೆ ಜಾತಿ ನೋಡಿ ಹೇಳಿದ್ದಲ್ಲ. ಆ ವಾರ್ಡಿನಲ್ಲಿ ಎಲ್ಲರಿಗೂ ಅದೇ ರೂಢಿ. ಆದರೆ ನೀರಿನ ಜೊತೆ ರೂಢಿ ಅನ್ನುವ ಮಾತು ಕೇಳಿದರೆ ನಮಗೆ ಮೈ ಉರಿಯುತ್ತದೆ. 1927ರಲ್ಲಿ ಮಹಾಡದ ಕೆರೆಯ ನೀರು ಮುಟ್ಟಲು ಬಾಬಾಸಾಹೇಬರು ಹೊರಟಾಗ ಅಡ್ಡ ನಿಂತದ್ದೂ ರೂಢಿಯೇ.

ಆಮೇಲೆ ಓದಿ ತಿಳಿದೆವು: ಈ ರೂಢಿಗೆ ಈಗ ವಿಜ್ಞಾನದ ಬೆಂಬಲವಿಲ್ಲ. ಹೊಟ್ಟೆ ಬೇರೆ ತೊಂದರೆಯಿಲ್ಲದೆ ಖಾಲಿಯಾಗುವವರಿಗೆ ಅರಿವಳಿಕೆಯ ಎರಡು ಗಂಟೆ ಮುಂಚಿನವರೆಗೂ ತಿಳಿನೀರು ಕೊಡಬಹುದು. ಅಷ್ಟೇ ಅಲ್ಲ, ಸಕ್ಕರೆ ಅಂಶದ ತಿಳಿ ಪಾನೀಯವನ್ನೂ ಕೊಡಬಹುದು ಅಂತ ಸ್ವೀಡನ್ನಿನ ಡಾಕ್ಟರುಗಳು 1990ರ ದಶಕದಲ್ಲೇ ತೋರಿಸಿದರು. ಯಾಕೆಂದರೆ ಹಸಿದ ಮೈಯನ್ನು ಕೊಯ್ದರೆ ಅದಕ್ಕೆ ಆಗುವ ಗಾಬರಿ ಇನ್ನೂ ಜಾಸ್ತಿ. ಓಡಲು ಹೊರಟವನಿಗೆ ಹೊಟ್ಟೆಗೆ ಕೊಟ್ಟು ಕಳಿಸಬೇಕಲ್ಲವೇ?

ಗಾಬರಿ ಅಂದೆವು. ಅಪ್ಪನಿಗೆ ಅರಿವಳಿಕೆ ಕೊಟ್ಟಿದ್ದರು, ಅವನಿಗೆ ಏನೂ ಗೊತ್ತಾಗಲಿಲ್ಲ. ಅಪ್ಪನ ಮೈಗೆ ಎಲ್ಲಾ ಗೊತ್ತಾಯಿತು.

ನಮ್ಮ ಕೇರಿಯ ಹಿರಿಯರು ಹಿಂದೆ ಊರಿನ ಸಾವಿನ ಸುದ್ದಿ ಹೊತ್ತು ಪರವೂರುಗಳಿಗೆ ನಡೆಯುತ್ತಿದ್ದರು. ಮೈಯೊಳಗೆ ಆ ಕೆಲಸ ನರಗಳದು. ಹೊಟ್ಟೆಗೆ ಕತ್ತಿ ಬಿದ್ದ ಗಳಿಗೆಯಲ್ಲೇ ನರಗಳು ಸುದ್ದಿಯನ್ನು ಬೆನ್ನುಹುರಿಗೆ, ಅಲ್ಲಿಂದ ಮೆದುಳಿನ ಬುಡದಲ್ಲಿರುವ ಹೈಪೊಥಲಮಸ್‌ಗೆ ಮುಟ್ಟಿಸುತ್ತವೆ. ಅದು ಪಿಟ್ಯುಟರಿ ಗ್ರಂಥಿಗೆ ಹೇಳುತ್ತದೆ. ಪಿಟ್ಯುಟರಿ, ಮೂತ್ರಪಿಂಡದ ನೆತ್ತಿಯ ಮೇಲೆ ಟೊಪ್ಪಿಗೆಯ ಹಾಗೆ ಕೂತ ಅಡ್ರಿನಲ್ ಗ್ರಂಥಿಗೆ ಹೇಳುತ್ತದೆ. ಅಡ್ರಿನಲ್ ಕಾರ್ಟಿಸಾಲ್ ಅನ್ನುವ ರಸವನ್ನು ರಕ್ತಕ್ಕೆ ಸುರಿಯುತ್ತದೆ. ದೊಡ್ಡ ಆಪರೇಷನ್ನಿನಲ್ಲಿ ಕೆಲವು ಗಂಟೆಯೊಳಗೆ ಅದು ಮಾಮೂಲಿಗಿಂತ ಮೂರು ನಾಲ್ಕು ಪಟ್ಟು ಏರಬಹುದು. ಅದೇ ಹೊತ್ತಿಗೆ ಇನ್ನೊಂದು ನರದ ದಾರಿಯಲ್ಲಿ ಅಡ್ರಿನಲಿನ್ ಏರುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಈ ಸುದ್ದಿ ನರದ ದಾರಿಯಲ್ಲೇ ಹೋಗುತ್ತದೆ ಅನ್ನುವುದನ್ನು ಅಮೆರಿಕದ ಎಗ್ಡಾಲ್ ಎಂಬ ಸರ್ಜನ್ 1959ರಲ್ಲಿ ತೋರಿಸಿದ. ನಾಯಿಯ ಕಾಲಿಗೆ ಗಾಯ ಮಾಡಿದಾಗ ಅಡ್ರಿನಲ್ ಗ್ರಂಥಿ ಎದ್ದಿತು. ಕಾಲಿನ ನರ ಕತ್ತರಿಸಿದ ಮೇಲೆ ಅದು ಸುಮ್ಮನಾಯಿತು. ಸುದ್ದಿ ಒಯ್ಯುವವನನ್ನು ತಡೆದರೆ ಸುದ್ದಿಯೇ ಇಲ್ಲ. ಅದಕ್ಕೇ ಬೆನ್ನಿಗೆ ಸೂಜಿ ಹಾಕಿ ನರಗಳನ್ನು ಮರಗಟ್ಟಿಸಿದರೆ ಮೈಯ ಗಾಬರಿ ಬಹಳಷ್ಟು ತಗ್ಗುತ್ತದೆ.

ಪೂರ್ತಿ ತಗ್ಗುವುದಿಲ್ಲ. ಸುದ್ದಿಗೆ ಇನ್ನೊಂದು ದಾರಿಯಿದೆ, ರಕ್ತದ ದಾರಿ. ಗಾಯವಾದ ಜಾಗದ ಜೀವಕೋಶಗಳು ಇಂಟರ್‌ಲ್ಯೂಕಿನ್-6 ಮೊದಲಾದ ಪದಾರ್ಥಗಳನ್ನು ರಕ್ತಕ್ಕೆ ಬಿಡುತ್ತವೆ. ಗಾಯ ದೊಡ್ಡದಾದಷ್ಟೂ ಅದು ಹೆಚ್ಚು. ಸಣ್ಣ ತೂತು ಮಾಡಿ ಮಾಡುವ ಲ್ಯಾಪರೋಸ್ಕೋಪಿಯಲ್ಲಿ ಕಮ್ಮಿ, ಅಪ್ಪನ ಹಾಗೆ ಹೊಟ್ಟೆ ಬಗೆದು ಮಾಡುವುದರಲ್ಲಿ ಜಾಸ್ತಿ.

ಮೈ ಹೀಗೇಕೆ ಮಾಡುತ್ತದೆ? ಕೊಲ್ಲಲು ಬಂದ ಕತ್ತಿ ಯಾವುದು, ಉಳಿಸಲು ಬಂದ ಕತ್ತಿ ಯಾವುದು ಅಂತ ಅದಕ್ಕೆ ತಿಳಿಯುವುದಿಲ್ಲ. ಕಾಡಿನಲ್ಲಿ ಹುಲಿ ಬಾಯಿ ಹಾಕಿದಾಗ ಏನು ಮಾಡುತ್ತಿತ್ತೋ ಆಪರೇಷನ್ ಟೇಬಲ್ಲಿನ ಮೇಲೂ ಅದನ್ನೇ ಮಾಡುತ್ತದೆ. ಇನ್ನು ಕೆಲವು ದಿನ ಬೇಟೆಯಿಲ್ಲ, ಅನ್ನವಿಲ್ಲ, ನೀರಿಲ್ಲ ಅಂತ ತೀರ್ಮಾನಿಸುತ್ತದೆ. ಉಪ್ಪು ನೀರನ್ನು ಹಿಡಿದಿಡುತ್ತದೆ. ಅದಕ್ಕೇ ಮೊದಲ ದಿನ ಅಪ್ಪನ ಮೂತ್ರದ ಚೀಲ ತುಂಬಲೇ ಇಲ್ಲ, ಕಾಲು ಬಾತವು. ರಕ್ತದಲ್ಲಿ ಸಕ್ಕರೆ ಏರಿಸುತ್ತದೆ. ಸಕ್ಕರೆ ಕಾಯಿಲೆಯೇ ಇಲ್ಲದ ಅಪ್ಪನಿಗೆ ಆ ರಾತ್ರಿ ಸಕ್ಕರೆ 210. ನಾವು ಹೌಹಾರಿದೆವು. "ಮೈ ಇನ್ಸುಲಿನ್ ಮಾತು ಕೇಳ್ತಾ ಇಲ್ಲ, ಕೆಲವು ದಿನ ಹಂಗೇನೆ, ನಾವು ನೋಡ್ಕೋತೀವಿ" ಅಂದಳು ಡಾಕ್ಟರಮ್ಮ.

ಬಾಯಿಗೆ ಏನೂ ಹೋಗದಿದ್ದಾಗ ಸಕ್ಕರೆ ಎಲ್ಲಿಂದ ಬಂತು? ಇಲ್ಲಿಗೆ ಅವ್ವನ ಪ್ರಶ್ನೆಗೆ ಉತ್ತರ ಬರುತ್ತದೆ. ಕಾರ್ಟಿಸಾಲಿನ ಆಜ್ಞೆಯ ಮೇಲೆ ಮೈ ತನ್ನ ಕಂಡವನ್ನು ತಾನೇ ಒಡೆಯುತ್ತದೆ. ತೋಳು, ತೊಡೆ, ಬೆನ್ನಿನ ಮಾಂಸ ಕರಗಿ ಯಕೃತ್ತಿಗೆ ಹೋಗುತ್ತದೆ. ಅಲ್ಲಿ ಒಂದಿಷ್ಟು ಸಕ್ಕರೆಯಾಗುತ್ತದೆ, ಒಂದಿಷ್ಟು ಗಾಯ ಮಾಯಿಸಲು, ರೋಗದ ಜೊತೆ ಕಾದಾಡಲು ಖರ್ಚಾಗುತ್ತದೆ. ಹೊಟ್ಟೆಯ ದೊಡ್ಡ ಆಪರೇಷನ್ ಆದ ಮೇಲೆ ಕೊಬ್ಬು ಬಿಟ್ಟು ಮಿಕ್ಕ ಮೈ ದಿನಕ್ಕೆ ಅರ್ಧ ಕೇಜಿಯವರೆಗೂ ಕರಗಬಹುದು. ಗ್ಲಾಸ್ಗೋದಲ್ಲಿ ಡೇವಿಡ್ ಕತ್‌ಬರ್ಟ್‌ಸನ್ ಎಂಬ ವಿಜ್ಞಾನಿ 1930ರ ಸುಮಾರಿಗೆ ಕಾಲಿನ ಮೂಳೆ ಮುರಿದವರ ಮೂತ್ರವನ್ನು ಪರೀಕ್ಷಿಸುತ್ತಿದ್ದ. ಮುರಿದ ಕಾಲೊಂದೇ ಕೊಡಲಾರದಷ್ಟು ಸಾರಜನಕ ಆ ಮೂತ್ರದಲ್ಲಿ ಹೋಗುತ್ತಿತ್ತು. ಅಂದರೆ ಪೆಟ್ಟು ಬೀಳದ ಅಂಗಗಳ ಕಂಡವೂ ಕರಗುತ್ತಿತ್ತು. ಗಾಯ ಒಂದು ಕಡೆ, ದಂಡ ಇಡೀ ಮೈಗೆ. 1942ರಲ್ಲಿ ಅವನು ಇದನ್ನು ಸಮುದ್ರದ ಇಳಿತ, ಭರತ ಅಂತ ಕರೆದ. ಮೊದಲು ಮೈ ಕುಗ್ಗಿ ತಣ್ಣಗಾಗುತ್ತದೆ, ಆಮೇಲೆ ಹೊತ್ತಿಕೊಂಡು ಉರಿಯುತ್ತದೆ.

ತಿಂದದ್ದು ಯಾರು ಅಂದರೆ, ಅವ್ವಾ, ಅಪ್ಪನನ್ನು ಅಪ್ಪನ ಮೈಯೇ ತಿಂದಿತು. ಬದುಕಿಕೊಳ್ಳಲಿಕ್ಕೇ ತಿಂದಿತು.

ಮನುಷ್ಯರೆಲ್ಲರ ಮೈಯೂ ಇದನ್ನೇ ಮಾಡುತ್ತದೆ. ಕಾರ್ಟಿಸಾಲಿಗೆ ಕುಲವಿಲ್ಲ. ಅಪ್ಪನ ಪಕ್ಕದ ಮಂಚದಲ್ಲಿ ಅದೇ ದಿನ ಅದೇ ಆಪರೇಷನ್ ಆದ ಒಬ್ಬ ಗೌಡರಿದ್ದರು. ನಮ್ಮ ಕಡೆಯವರೇ, ಎರಡು ಹೋಬಳಿ ಆಚೆ. ಅವರ ಸಕ್ಕರೆಯೂ ಏರಿತ್ತು, ಅವರ ಕಾಲೂ ಬಾತಿತ್ತು. ಆದರೆ ಅವರು ಒಳಗೆ ಹೋದಾಗ 78 ಕೇಜಿ. ಅವರ ಮೈ ಐದು ಕೇಜಿ ತಿಂದರೆ ಬೆಲ್ಟು ಒಂದು ತೂತು ಬಿಗಿಯಾಗುತ್ತದೆ. ಅಪ್ಪನ ಮೈ ಐದು ಕೇಜಿ ತಿಂದರೆ ಅಪ್ಪನಲ್ಲಿ ಒಂದು ಆಳೇ ಕಮ್ಮಿಯಾಗುತ್ತದೆ. ಕಣಜ ಇದ್ದವರ ಬರಗಾಲ ಬೇರೆ, ಮಡಕೆ ತಳ ಕಂಡವರ ಬರಗಾಲ ಬೇರೆ.

ಎರಡನೇ ದಿನದ ಒಂದು ಮಾತು ಹೇಳಬೇಕು. ಅಪ್ಪನ ಬೆರಳಿಗೆ ಚಿಮಟದಂಥದ್ದೊಂದು ಹಾಕಿದ್ದರು, ತಲೆ ಹತ್ತಿರದ ಡಬ್ಬಿಯಲ್ಲಿ ನಾಡಿಯ ಲೆಕ್ಕ ಕಾಣುತ್ತಿತ್ತು. 92 ಇತ್ತು. ನೋವಿಗೆ ಔಷಧಿ ಕೊಟ್ಟಿದ್ದರಿಂದ ನೆಮ್ಮದಿಯಾಗಿ ಮಲಗಿದ್ದ. ಗೌಡರು ಈ ಕಡೆ ಹೊರಳಿ, ಒಳ್ಳೆಯ ದನಿಯಲ್ಲೇ, "ಯಾವೂರಪ್ಪ ನಿಂದು?" ಅಂದರು. ಅಪ್ಪ ಹೇಳಿದ. "ಯಾರ ಪೈಕಿ?" ಅಂದರು.

ಅಪ್ಪ ಮಾತಾಡಲಿಲ್ಲ. ಮೂಗಿನಲ್ಲಿ ನಳಿಕೆ ಇತ್ತು, ಅದೊಂದು ನೆಪ. ನಾವು ಡಬ್ಬಿ ನೋಡುತ್ತಿದ್ದೆವು. 92 ಇದ್ದದ್ದು 100 ಆಯಿತು. 108 ಆಯಿತು. 116ಕ್ಕೆ ನಿಂತಿತು. ಡಬ್ಬಿ ಕೂಗಿಕೊಂಡಿತು. ನರ್ಸಮ್ಮ ಓಡಿಬಂದು "ನೋವಾ?" ಅಂದರು. ಅಪ್ಪ ತಲೆಯಾಡಿಸಿದ, ಹೌದು ಅಂತಲೋ ಅಲ್ಲ ಅಂತಲೋ ಗೊತ್ತಾಗಲಿಲ್ಲ. ಆಮೇಲೆ ಮೆಲ್ಲಗೆ "ಕೇರಿಯವ್ನು ಬುದ್ದಿ" ಅಂದ. ಹೊಟ್ಟೆ ಕೊಯ್ಸಿಕೊಂಡು ಮಲಗಿದವನು, ಅಂಥದೇ ಮಂಚದಲ್ಲಿ, ಅಂಥದೇ ಹೊಲಿಗೆ ಹಾಕಿಸಿಕೊಂಡು ಮಲಗಿದ ಇನ್ನೊಬ್ಬನಿಗೆ ಬುದ್ದಿ ಅಂದ. ಗೌಡರು "ಊಂ" ಅಂದು ಆ ಕಡೆ ಹೊರಳಿದರು. ಬೈಯಲಿಲ್ಲ, ಏನೂ ಅನ್ನಲಿಲ್ಲ. ಅವರ ಸೊಸೆ ಮಾತ್ರ ನಡುವಿನ ಮೇಜಿನ ಮೇಲಿದ್ದ ಫ್ಲಾಸ್ಕನ್ನು ಎತ್ತಿ ಆಚೆ ಬದಿಗೆ ಇಟ್ಟುಕೊಂಡಳು.

ಅಮೆರಿಕದ ವಾಲ್ಟರ್ ಕ್ಯಾನನ್ ಎಂಬ ವಿಜ್ಞಾನಿ ಬೊಗಳುವ ನಾಯಿಯ ಮುಂದೆ ಬೆಕ್ಕನ್ನಿಟ್ಟು ಅದರ ರಕ್ತ ಪರೀಕ್ಷಿಸಿದ್ದ. ಗಾಯವಿಲ್ಲದಿದ್ದರೂ, ಬರೀ ಭಯಕ್ಕೇ ಅಡ್ರಿನಲಿನ್ ಬಂದಿತ್ತು. 1915ರಲ್ಲಿ ಅವನು ಬರೆದ ಪುಸ್ತಕದ ಹೆಸರಿನಲ್ಲೇ ನಾಲ್ಕು ಮಾತು ಸಾಲಾಗಿ ಕೂತಿವೆ: ನೋವು, ಹಸಿವು, ಭಯ, ಕೋಪ. ನಾಲ್ಕಕ್ಕೂ ಮೈಯೊಳಗೆ ಒಂದೇ ಕಹಳೆ. "ಯಾರ ಪೈಕಿ" ಅನ್ನುವ ಎರಡು ಮಾತಿಗೆ ಅಪ್ಪನ ಎದೆ ಕತ್ತಿ ಬಿದ್ದ ಹಾಗೆ ಹೊಡೆದುಕೊಂಡದ್ದನ್ನು ನಾವು ಅಂಕಿಯಲ್ಲಿ ಕಂಡೆವು. ಅಪ್ಪನ ಅಡ್ರಿನಲ್ ಗ್ರಂಥಿಗೆ ಆಪರೇಷನ್ ಹೊಸದಿರಬಹುದು, ಗಾಬರಿ ಹೊಸದಲ್ಲ. ಹೋಟೆಲಿನ ಹೊರಗೆ ಲೋಟಕ್ಕೆ ಕಾಯುವಾಗ, ಕೂಲಿ ಬಾಕಿ ಕೇಳಲು ಜಗಲಿ ಕೆಳಗೆ ನಿಂತಾಗ, ದೇವರ ಮೆರವಣಿಗೆ ಕೇರಿ ಬಾಗಿಲಿಗೆ ಬಂದು ತಿರುಗಿದಾಗ ಅದು ಎಷ್ಟು ಸಲ ಎದ್ದಿತ್ತೋ, ಅದಕ್ಕೆ ಯಾರೂ ಡಬ್ಬಿ ಹಾಕಿ ಲೆಕ್ಕ ಹಿಡಿದಿಲ್ಲ.

ಮೂರನೇ ದಿನದಿಂದ ಶುರುವಾದದ್ದು ಹೂಸಿನ ಕಾಯುವಿಕೆ. ನಗಬೇಡಿ. ಹೊಟ್ಟೆ ಆಪರೇಷನ್ ಆದಾಗ ಕರುಳು ಮುಷ್ಕರ ಹೂಡುತ್ತದೆ. ಅಪಾಯದ ಹೊತ್ತಲ್ಲಿ ಜೀರ್ಣ ಮಾಡುವುದು ದಂಡದ ಕೆಲಸ ಅಂತ ನರಗಳು ಅದನ್ನು ನಿಲ್ಲಿಸುತ್ತವೆ. ಕೈಯಾಡಿಸಿದ್ದಕ್ಕೆ ಕರುಳಿನ ಗೋಡೆಯೂ ಉರಿಬಂದಿರುತ್ತದೆ. ಮಾರ್ಫಿನ್ ಜಾತಿಯ ನೋವಿನೌಷಧಿ ಅದನ್ನು ಇನ್ನಷ್ಟು ಮಂಕು ಮಾಡುತ್ತದೆ. ಗಾಳಿ ಬಿಟ್ಟರೆ ಕರುಳು ಕೆಲಸಕ್ಕೆ ಮರಳಿತು ಅಂತ ಅರ್ಥ. ದಿನಾ ಬೆಳಿಗ್ಗೆ ದೊಡ್ಡ ಡಾಕ್ಟರು ಹತ್ತು ಜನ ಹುಡುಗರನ್ನು ಹಿಂದಿಟ್ಟುಕೊಂಡು ಬಂದು ಎಲ್ಲರೆದುರು "ಗ್ಯಾಸ್ ಹೋಯ್ತಾ?" ಅನ್ನುವರು. ವರ್ಷವಿಡೀ ನಾಚಿ ಪ್ರಾಣಕ್ಕೆ ತಂದುಕೊಂಡ ಅಪ್ಪ ತಲೆ ತಗ್ಗಿಸುವನು. ಗೌಡರಿಗೆ ಮೂರನೇ ದಿನ ಸಂಜೆ ಆಯಿತು. ಅವರ ಮನೆಯವರು ವಾರ್ಡಿಗೆಲ್ಲ ಕೇಳುವಂತೆ ಸಂತೋಷಪಟ್ಟರು. ಆ ರಾತ್ರಿ ಗೌಡರು, ಪೈಕಿ ಕೇಳಿದ ಮೇಲೆ ಮೊದಲ ಸಲ, ಈ ಕಡೆ ತಿರುಗಿ "ನಿಂದು ಆಯ್ತೇನ್ಲಾ?" ಅಂದರು. "ಇಲ್ಲ ಬುದ್ದಿ" ಅಂದ ಅಪ್ಪ. "ಆಯ್ತದೆ ಬುಡು, ಎದ್ದು ವಸಿ ಓಡಾಡು" ಅಂದರು.

ಅದೇ ದಿನ ಅಪ್ಪನ ರಕ್ತದ ವರದಿ ಬಂತು. ಸಿ.ಆರ್.ಪಿ. ಅನ್ನುವುದೊಂದಿದೆ, ಉರಿಯೂತದ ಸುದ್ದಿ ಬಂದಾಗ ಯಕೃತ್ತು ತಯಾರಿಸುವ ಪದಾರ್ಥ. ಅದು ಎರಡು ಮೂರನೇ ದಿನಕ್ಕೆ ತುದಿ ಮುಟ್ಟಿ ಇಳಿಯಬೇಕು. ಇಳಿಯದೆ ಏರುತ್ತ ಹೋದರೆ ಜೋಡಿಸಿದ ಕರುಳು ಸೋರುತ್ತಿರಬಹುದು, ಅದು ಜೀವಕ್ಕೆ ಅಪಾಯ. ಅಪ್ಪನಿಗೆ 160 ಇತ್ತು. ಡಾಕ್ಟರಮ್ಮನ ಮುಖ ಸಪ್ಪಗಾಯಿತು. ಅಕ್ಕ ಗಾರ್ಮೆಂಟ್ಸ್‌ಗೆ ರಜ ಹಾಕಿ ಓಡಿಬಂದಳು. ಎರಡು ರಾತ್ರಿ ನಾವು ಮೂವರೂ ಮಂಚದ ಕೆಳಗೆ ಕೂತೇ ಕಳೆದೆವು. ನಾಲ್ಕನೇ ದಿನ ಬೆಳಗಿನ ಜಾವ, ಅವ್ವನ ಹೆಗಲು ಹಿಡಿದು ಕಾರಿಡಾರಿನಲ್ಲಿ ನಡೆಯುತ್ತಿದ್ದ ಅಪ್ಪ ಇದ್ದಕ್ಕಿದ್ದಂತೆ ನಿಂತ. ದೊಡ್ಡದೇ ಆಯಿತು. ಅವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು, ನಗುತ್ತಲೇ ಅತ್ತಳು. ವಾರ್ಡಿಗೆ ಮರಳಿದಾಗ ಗೌಡರು "ಗೆದ್ದೆ ಕಣ್ಲಾ" ಅಂದರು. ಐದನೇ ದಿನ ಸಿ.ಆರ್.ಪಿ. 84. ಗೌಡರ ಆ ಮಾತನ್ನೂ, ಅವರ ಸೊಸೆಯ ಆ ಫ್ಲಾಸ್ಕನ್ನೂ ನಾವು ಒಂದೇ ಕಣ್ಣಲ್ಲಿ ನೋಡಿದವರು. ಎರಡನ್ನೂ ಬರೆದಿದ್ದೇವೆ.

ಇನ್ನು ಕಂಡ ತುಂಬಿಸುವ ಮಾತು. ಇಂಥ ಆಪರೇಷನ್ ಆದವರಿಗೆ ಮೈತೂಕದ ಕೇಜಿಗೆ ದಿನಕ್ಕೆ ಒಂದೂಕಾಲು, ಒಂದೂವರೆ ಗ್ರಾಂ ಪ್ರೋಟೀನು ಬೇಕು ಅನ್ನುತ್ತಾರೆ. ಅಪ್ಪನಿಗೆ ದಿನಕ್ಕೆ ಸುಮಾರು 60, 70 ಗ್ರಾಂ. ಒಂದು ಮೊಟ್ಟೆಯಲ್ಲಿ 6 ಗ್ರಾಂ. ನಮಗೆ ಸಿಕ್ಕಿದ್ದು ಅನ್ನ, ತಿಳಿಸಾರು, ಬ್ರೆಡ್ಡು. ಆಪರೇಷನ್ ಪುಕ್ಕಟೆ, ಮೊಟ್ಟೆ ಪುಕ್ಕಟೆ ಅಲ್ಲ. ಗೌಡರಿಗೆ ದಿನಾ ಮನೆಯಿಂದ ಹಾಲು, ಮೊಟ್ಟೆ, ಕೋಳಿ ಸಾರು ಬರುತ್ತಿತ್ತು. ನಾವು ಬೇಯಿಸಿದ ಮೊಟ್ಟೆ ಕೊಂಡು ತರುತ್ತಿದ್ದೆವು, ಕೂಲಿ ನಿಂತುಹೋದ ಮನೆಯಲ್ಲಿ ಅದಕ್ಕೂ ಲೆಕ್ಕ. ಈ ನಾಡಿನಲ್ಲಿ ಮೊಟ್ಟೆಯ ಲೆಕ್ಕ ಯಾವತ್ತೂ ಬರೀ ದುಡ್ಡಿನ ಲೆಕ್ಕವಲ್ಲ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮಕ್ಕಳಿಗೆ ಮೊಟ್ಟೆ ಕೊಡಲು ಹೊರಟಾಗ ಕೆಲವು ಮಠಾಧೀಶರು ಬೇಡ ಅಂದರು. ಕಂಡ ಕರಗಿಸಿ ದುಡಿಯುವವರ ಮಕ್ಕಳಿಗೆ ಕಂಡ ಬೆಳೆಯುವುದನ್ನು ಬೇಡ ಅಂದರು. ನಮ್ಮ ಕೇರಿಗೆ ಎಟುಕುತ್ತಿದ್ದ ಅಗ್ಗದ ಬಾಡು ದನದ ಬಾಡು. 2021ರಲ್ಲಿ ಗೋಹತ್ಯೆ ನಿಷೇಧದ ಹೊಸ ಕಾಯ್ದೆ ಬಂದ ಮೇಲೆ ಅದೂ ಕದ್ದು ತಿನ್ನುವ ವಸ್ತುವಾಯಿತು.

ಆ ಬಾಡಿನ ವಿಚಾರ ವಾರ್ಡಿನಲ್ಲೂ ಬಂತು. ಯಾರನ್ನೋ ನೋಡಲು ಬಂದವನೊಬ್ಬ "ಅದ ತಿನ್ನೋರಿಗೇ ಈ ಕಾಯಿಲೆ ಬರೋದು" ಅಂದ. ಉತ್ತರ ನೆಟ್ಟಗೆ ಕೊಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ ಹೇಳಿದ್ದು ಹೀಗೆ: ಸಾಸೇಜು, ಬೇಕನ್‌ಗಳಂಥ ಸಂಸ್ಕರಿಸಿದ ಮಾಂಸದಿಂದ ದೊಡ್ಡ ಕರುಳಿನ ಕ್ಯಾನ್ಸರ್ ಬರುತ್ತದೆ, ದಿನಾ 50 ಗ್ರಾಂ ತಿಂದರೆ ಅಪಾಯ ಸುಮಾರು ಶೇಕಡ 18 ಏರುತ್ತದೆ, ಕೆಂಪು ಮಾಂಸದಿಂದ ಬರುವ ಸಂಭವ ಉಂಟು. ಕೆಂಪು ಮಾಂಸ ಅಂದರೆ ದನದ್ದಷ್ಟೇ ಅಲ್ಲ, ಕುರಿ, ಆಡು, ಹಂದಿ ಎಲ್ಲಾ. ಮಾರಿಹಬ್ಬಕ್ಕೊಮ್ಮೆ, ನೆಂಟರು ಬಂದರೊಮ್ಮೆ ಬಾಡು ಕಂಡ ಅಪ್ಪನಿಗೆ ಈ ಲೆಕ್ಕ ಹೊಂದುವುದಿಲ್ಲ. ಬೀಡಿ, ಹೆಂಡ ಇವೆರಡೂ ಈ ಕ್ಯಾನ್ಸರಿನ ಕಾರಣಗಳ ಪಟ್ಟಿಯಲ್ಲಿವೆ. ಎರಡೂ ಅಪ್ಪನಿಗಿತ್ತು. ನಮ್ಮ ಕೇರಿಗಳು ಇದನ್ನು ಮುಚ್ಚಿಡಬಾರದು. ಆದರೆ ತಿನ್ನುವ ಅನ್ನವನ್ನೇ ಪಾಪ ಮಾಡಿ, ಕಾಯಿಲೆಯನ್ನು ಅದರ ಶಿಕ್ಷೆ ಮಾಡುವವರಿಗೆ ನಾವು ತಲೆ ಬಾಗುವುದಿಲ್ಲ.

ಮೈಯ ಗಾಬರಿಯನ್ನು ಹಣೆಬರಹ ಅಂತ ಬಿಡಬೇಕಾಗಿಲ್ಲ. ಡೆನ್ಮಾರ್ಕಿನ ಸರ್ಜನ್ ಹೆನ್ರಿಕ್ ಕೆಲೆಟ್ 1997ರಲ್ಲಿ ಒಂದು ಲೇಖನ ಬರೆದರು. ಯಾವುದೋ ಒಂದು ಮದ್ದಿನಿಂದ ಇದು ತಗ್ಗುವುದಿಲ್ಲ, ಹತ್ತು ಕಡೆಯಿಂದ ಕೈ ಹಾಕಬೇಕು ಅಂದರು. ನೋವಿನ ನರಗಳನ್ನು ಮರಗಟ್ಟಿಸುವುದು, ಗಾಯ ಚಿಕ್ಕದು ಮಾಡುವುದು, ಅನಗತ್ಯ ನಳಿಕೆ ಹಾಕದಿರುವುದು, ಬೇಗ ಬಾಯಿಗೆ ಅನ್ನ ಕೊಡುವುದು, ಬೇಗ ಎಬ್ಬಿಸಿ ನಡೆಸುವುದು. 2000ದಲ್ಲಿ ಅವರ ತಂಡ ಹೀಗೆ ನೋಡಿಕೊಂಡ 60 ಮಂದಿ ದೊಡ್ಡ ಕರುಳಿನ ರೋಗಿಗಳಲ್ಲಿ ಅರ್ಧದಷ್ಟು ಮಂದಿ ಎರಡೇ ದಿನಕ್ಕೆ ಮನೆಗೆ ಹೋಗುವಂತಾದರು. ಇದರಲ್ಲಿ ಎಷ್ಟೋ ಕೆಲಸಕ್ಕೆ ದೊಡ್ಡ ಯಂತ್ರ ಬೇಡ. ಎರಡು ಗಂಟೆ ಮುಂಚಿನವರೆಗೆ ನೀರು ಕೊಡಲು ಯಂತ್ರ ಬೇಕೇ? ಮಾರನೇ ದಿನವೇ ಕೈಹಿಡಿದು ನಡೆಸಲು ಬೇಕಾದದ್ದು ಇನ್ನೊಬ್ಬ ನರ್ಸು. ನಲವತ್ತು ಮಂಚಕ್ಕೆ ಇಬ್ಬರು ನರ್ಸುಗಳಿದ್ದ ವಾರ್ಡಿನಲ್ಲಿ ಅಪ್ಪನನ್ನು ನಡೆಸಿದ್ದು ಅವ್ವ. ಅವ್ವನಿಗೆ ಮೊದಲ ದಿನವೇ ಯಾರಾದರೂ ಹೇಳಿದ್ದರೆ ಮೊದಲ ದಿನವೇ ನಡೆಸುತ್ತಿದ್ದಳು.

ಬಿಡುಗಡೆ ಚೀಟಿಯಲ್ಲಿ "ಆರು ವಾರ ಭಾರ ಎತ್ತಬಾರದು" ಅಂತ ಬರೆದಿದ್ದರು. ಸರಿಯಾದ ಮಾತೇ. ಎತ್ತಿದರೆ ಹೊಲಿಗೆಯ ಜಾಗ ಸಡಿಲವಾಗಿ ಕರುಳು ಹೊರಕ್ಕೆ ಉಬ್ಬುತ್ತದೆ. ಭಾರ ಎತ್ತುವುದನ್ನೇ ಹೊಟ್ಟೆಪಾಡು ಮಾಡಿಕೊಂಡವನು ಆರು ವಾರ ಏನು ತಿನ್ನಬೇಕು ಅನ್ನುವುದನ್ನು ಬರೆಯಲು ಆ ಚೀಟಿಯಲ್ಲಿ ಜಾಗವಿರಲಿಲ್ಲ. ಅಪ್ಪ ಐದನೇ ವಾರಕ್ಕೆ ಮಚ್ಚು ಹಿಡಿದು ಹೊರಟ. ಅವ್ವ ಬಾಗಿಲಿಗೆ ಅಡ್ಡ ಕೂತಳು.

ಗೆಳೆಯರೇ, ಸಂಘಟನೆಯವರೇ, ಹಳ್ಳಿ ಶಾಲೆಯ ಮೇಷ್ಟ್ರುಗಳೇ, ನಾವು ಕೇಳುವುದು ಇಷ್ಟು. ಮಲದಲ್ಲಿ ರಕ್ತ ಬಂದರೆ ನಾಚದೆ ಹೇಳಿ ಅಂತ ಕೇರಿಯಲ್ಲಿ ಹೇಳಿ, ಮೂಲವ್ಯಾಧಿ ಅಂತ ತಾವೇ ತೀರ್ಮಾನಿಸಿ ವರ್ಷ ಕಳೆಯದಿರಲಿ. ಆಸ್ಪತ್ರೆಗೆ ನಮ್ಮವರ ಜೊತೆ ಹೋದಾಗ ಎದುರು ನಿಂತು ಕೇಳಿ: ನೀರು ಯಾವಾಗಿನವರೆಗೆ ಕುಡಿಯಬಹುದು? ನೋವಿಗೆ ಬೆನ್ನಿನ ಸೂಜಿ ಉಂಟೋ? ಯಾವಾಗ ಎಬ್ಬಿಸಿ ನಡೆಸಬೇಕು? ಯಾವಾಗ ಏನು ಉಣ್ಣಿಸಬೇಕು? ಕೇಳಿದವರಿಗೆ ಡಾಕ್ಟರುಗಳು ಹೇಳುತ್ತಾರೆ, ನಮಗೂ ಹೇಳಿದರು. ಸಂಘಟನೆಗಳು ಕೇಳಬೇಕಾದದ್ದು ಇನ್ನೂ ಇದೆ: ಆಪರೇಷನ್ ಆದ ಬಡವನ ತಟ್ಟೆಗೆ ಮೊಟ್ಟೆ, ಆರು ವಾರದ ಕೂಲಿಗೆ ಬದಲಿ ದುಡ್ಡು. ಕೊಯ್ಯುವುದು ಪುಕ್ಕಟೆಯಾದರೆ ಸಾಲದು, ಕೊಯ್ದ ಮೇಲೆ ಕೂಡಿಕೊಳ್ಳುವುದೂ ಪುಕ್ಕಟೆಯಾಗಬೇಕು.

ಕಾವ್ಯವನ್ನು ಆಯುಧ ಅಂದುಕೊಂಡು ಪದ್ಯ ಬರೆದವರು ನಾವು. ಆ ಹದಿಮೂರು ದಿನದಲ್ಲಿ ಒಂದು ಸಾಲೂ ಬರೆಯಲಿಲ್ಲ. ಅಪ್ಪನ ಮೂತ್ರದ ಅಳತೆ, ನಾಡಿ, ಜ್ವರ, ಸಕ್ಕರೆ ಇವನ್ನೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆವು. ಈಗ ತಿರುವಿ ನೋಡಿದರೆ 116 ಅನ್ನುವ ಅಂಕಿಯ ಮುಂದೆ ಏನೂ ಬರೆದಿಲ್ಲ. ಕಾರಣ ಬರೆಯಲು ಅವತ್ತು ಕೈ ಬರಲಿಲ್ಲ. ಇವತ್ತು ಬರೆದಿದ್ದೇವೆ.

ಕ್ಯಾನನ್ ಹೇಳಿದ ನಾಲ್ಕರಲ್ಲಿ ನೋವು, ಹಸಿವು, ಭಯ ಈ ಮೂರೂ ಅಪ್ಪನ ಪಾಲಿಗೆ ಬಂದವು. ನಾಲ್ಕನೆಯದನ್ನು ಅವನು ಯಾವತ್ತೂ ಮುಟ್ಟಲಿಲ್ಲ, ನಮಗಾಗಿ ಉಳಿಸಿಟ್ಟಿದ್ದಾನೆ. ಅಪ್ಪ ಈಗ 44 ಕೇಜಿ. ಮುಂದಿನ ಸುತ್ತಿನ ಔಷಧಿಗೆ ಮುಂಚೆ 46 ಮಾಡಬೇಕು ಅಂತ ಅವ್ವ ಹಟ ಹಿಡಿದಿದ್ದಾಳೆ. ದಿನಾ ಸಂಜೆ ಅಕ್ಕ ಗಾರ್ಮೆಂಟ್ಸಿನಿಂದ ಬರುವಾಗ ನಾಲ್ಕು ಮೊಟ್ಟೆ ತರುತ್ತಾಳೆ.